ತೂಕ ಇಳಿಸುವವರು ಹಸಿದಿರಬೇಕಿಲ್ಲ

ತೂಕ ಇಳಿಸಬೇಕೆಂದು ನಿಶ್ಚಯಿಸಿದ ದಿನ ನಾನು ಮಾಡಿದ ಮೊದಲ ಕೆಲಸ ರಾತ್ರಿಯೂಟ ಬಿಟ್ಟದ್ದು. ಒಂಬತ್ತು ದಿನ ವ್ರತ ನಡೆಯಿತು. ಹತ್ತನೆಯ ರಾತ್ರಿ ಹನ್ನೊಂದು ಗಂಟೆಗೆ, ದೀಪವನ್ನೂ ಹಾಕದೆ, ಅಡುಗೆಮನೆಯಲ್ಲಿ ನಿಂತುಕೊಂಡೇ ಅರ್ಧ ಡಬ್ಬಿ ಬಿಸ್ಕತ್ತು ಮುಗಿಸಿದೆ. ಬೆಳಗಾದ ಮೇಲೆ ನನ್ನ ಮನೋಬಲಕ್ಕೆ ಧಿಕ್ಕಾರ ಹೇಳಿ ಮತ್ತೆ ಊಟ ಬಿಟ್ಟೆ. ಇದೇ ನಾಟಕ ಮೂರು ಸಲ ನಡೆದ ಮೇಲೆ ವಿಧಾನದಲ್ಲೇ ಏನೋ ಎಡವಟ್ಟಿದೆ ಎಂಬ ಅನುಮಾನ ಹುಟ್ಟಿತು.

ಅನುಮಾನ ಸರಿಯಾಗಿತ್ತು. 1944ರ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು ಆರಿಸಿಕೊಂಡು, ಆರು ತಿಂಗಳ ಕಾಲ ಅವರ ಆಹಾರವನ್ನು ಸುಮಾರು ಅರ್ಧಕ್ಕೆ ಇಳಿಸಿದರು. ಯುದ್ಧದಿಂದ ಹಸಿದವರಿಗೆ ಮತ್ತೆ ಹೇಗೆ ಉಣಿಸಬೇಕು ಎಂದು ತಿಳಿಯುವುದು ಉದ್ದೇಶವಾಗಿತ್ತು. ಯುವಕರ ತೂಕ ಕಾಲು ಭಾಗ ಇಳಿಯಿತು ನಿಜ. ಆದರೆ ಅವರ ಮನಸ್ಸಿನಲ್ಲಿ ಊಟದ ಹೊರತು ಬೇರೇನೂ ಉಳಿಯಲಿಲ್ಲ. ಅಡುಗೆಯ ಪುಸ್ತಕಗಳನ್ನು ಕೂಡಿಹಾಕಿದರು, ಊಟದ ಕನಸು ಕಂಡರು, ತಟ್ಟೆ ನೆಕ್ಕಿದರು. ತಾವಾಗಿಯೇ ಮುಂದೆ ಬಂದ, ಗಟ್ಟಿ ಮನಸ್ಸಿನ ಯುವಕರ ಪಾಡು ಅದು. ನಾನು ಬಿಸ್ಕತ್ತಿನ ಡಬ್ಬಿಗೆ ಸೋತದ್ದರಲ್ಲಿ ಆಶ್ಚರ್ಯವೇನಿದೆ?

ಆದ್ದರಿಂದ ಇಲ್ಲಿ ಹೇಳುವ ದಾರಿಯಲ್ಲಿ ಹಸಿವಿನೊಂದಿಗೆ ಕುಸ್ತಿ ಇಲ್ಲ. ಹೊಟ್ಟೆ ತುಂಬಬೇಕು, ಕ್ಯಾಲೊರಿ ಮಾತ್ರ ಕಡಿಮೆಯಾಗಬೇಕು. ಒಂದು ಹೆಜ್ಜೆ ಅಭ್ಯಾಸವಾಗಲು ಒಂದೆರಡು ವಾರ ಕೊಡಿ, ಆಮೇಲೆ ಮುಂದಿನದಕ್ಕೆ ಹೋಗಿ. ಎಲ್ಲವನ್ನೂ ಬರುವ ಸೋಮವಾರದಿಂದಲೇ ಆರಂಭಿಸುತ್ತೇನೆ ಎನ್ನುವವರು ಸಾಮಾನ್ಯವಾಗಿ ಗುರುವಾರದ ಹೊತ್ತಿಗೆ ಮುಗಿಸಿರುತ್ತಾರೆ.

ಹೊರಡುವ ಮುನ್ನ ಒಂದು ಮಾತು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು, ಮೂತ್ರಪಿಂಡದ ತೊಂದರೆ ಇರುವವರು, ಊಟದ ವಿಷಯದಲ್ಲಿ ಹಿಂದೆ ಮಾನಸಿಕ ಸಮಸ್ಯೆ ಅನುಭವಿಸಿದವರು ವೈದ್ಯರನ್ನು ಕೇಳದೆ ಆಹಾರ ಬದಲಿಸಬಾರದು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಿಗಂತೂ ಇದು ಇನ್ನೂ ಮುಖ್ಯ. ಊಟ ಕಡಿಮೆಯಾಗಿ ಔಷಧದ ಪ್ರಮಾಣ ಹಾಗೆಯೇ ಉಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಮೊದಲ ಹೆಜ್ಜೆ: ಒಂದು ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ

ಜೇಬಿನಲ್ಲಿ ಹಿಡಿಯುವ ಒಂದು ಪುಸ್ತಕ ಸಾಕು. ಮೊಬೈಲ್ ಆದರೂ ಆದೀತು. ಬಾಯಿಗೆ ಹೋದ ಪ್ರತಿಯೊಂದನ್ನೂ ಹೋದ ಕೂಡಲೇ ಬರೆಯಿರಿ. ರಾತ್ರಿ ಕುಳಿತು ನೆನಪಿಸಿಕೊಂಡು ಬರೆದರೆ ಅರ್ಧ ಮರೆತುಹೋಗಿರುತ್ತದೆ. ಏನು ತಿಂದಿರಿ, ಎಷ್ಟು ಹೊತ್ತಿಗೆ, ಆಗ ನಿಜವಾಗಿ ಹಸಿವಾಗಿತ್ತೇ ಇಲ್ಲವೇ, ಇಷ್ಟೇ ಸಾಕು. ಕ್ಯಾಲೊರಿ ಲೆಕ್ಕ ಬೇಡ.

ಈ ಹೆಜ್ಜೆಯನ್ನು ಹಾರಿಸಿಬಿಡೋಣ ಎನ್ನಿಸುವುದು ಸಹಜ. ‘ನಾನು ತಿನ್ನುವುದೇ ಕಡಿಮೆ, ಆದರೂ ತೂಕ ಇಳಿಯುವುದಿಲ್ಲ’ ಎಂದು ಹೇಳುತ್ತಿದ್ದ ಕೆಲವರನ್ನು ಅಮೆರಿಕದಲ್ಲಿ ಪರೀಕ್ಷೆಗೆ ಒಳಪಡಿಸಿ, 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ತಾವು ತಿಂದದ್ದರಲ್ಲಿ ಸರಿಸುಮಾರು ಅರ್ಧವನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದರು. ದೇಹಶ್ರಮವನ್ನು ಮಾತ್ರ ಅರ್ಧದಷ್ಟು ಉಬ್ಬಿಸಿ ಹೇಳಿದ್ದರು. ಅವರನ್ನು ಸುಳ್ಳುಗಾರರು ಎನ್ನಲಾಗದು. ಮನುಷ್ಯನ ನೆನಪು ತಟ್ಟೆಯ ವಿಷಯದಲ್ಲಿ ಬಹಳ ಉದಾರ.

ನನ್ನ ಪುಸ್ತಕದಲ್ಲಿ ಸಿಕ್ಕಿಬಿದ್ದ ಕಳ್ಳ ಯಾರು ಗೊತ್ತೇ? ಮಿಕ್ಕದ್ದು. ಮಕ್ಕಳ ತಟ್ಟೆಯಲ್ಲಿ ಉಳಿದ ಎರಡು ತುತ್ತು, ಪಾತ್ರೆ ತೊಳೆಯುವ ಮುನ್ನ ತಳ ಕೆರೆದದ್ದು, ರುಚಿ ನೋಡುವ ನೆಪದಲ್ಲಿ ಮೂರು ಚಮಚ. ಅನ್ನ ಹಾಳು ಮಾಡಬಾರದು ಎಂಬ ಸಂಸ್ಕಾರ ಒಳ್ಳೆಯದೇ. ಆದರೆ ಬೇಡದ ತುತ್ತು ಹೊಟ್ಟೆಗೆ ಹೋದರೂ ಅದು ಹಾಳಾದಂತೆಯೇ ಲೆಕ್ಕ. ಮಿಕ್ಕದ್ದನ್ನು ಫ್ರಿಜ್‌ನಲ್ಲಿಟ್ಟರೆ ಮರುದಿನಕ್ಕೆ ಆಗುತ್ತದೆ.

ಎರಡನೆಯದು: ಕುಡಿಯುವುದರಿಂದ ಆರಂಭಿಸಿ

ಬದಲಾವಣೆಗಳಲ್ಲಿ ಎಲ್ಲಕ್ಕಿಂತ ಸುಲಭವಾದದ್ದು ಇದು, ಏಕೆಂದರೆ ಇಲ್ಲಿ ಕಳೆದುಕೊಂಡದ್ದನ್ನು ಹೊಟ್ಟೆ ಗಮನಿಸುವುದೇ ಇಲ್ಲ. ಅಗಿದು ತಿಂದ ಆಹಾರ ಕೊಡುವ ತೃಪ್ತಿಯನ್ನು ದ್ರವ ಕೊಡುವುದಿಲ್ಲ. ಸಿಹಿ ಪಾನೀಯ ಕುಡಿದವರು ಅಷ್ಟೇ ಪ್ರಮಾಣದ ಊಟವನ್ನು ಆಮೇಲೆ ಕಡಿಮೆ ಮಾಡುವುದಿಲ್ಲ. ಕುಡಿದದ್ದು ಊಟದ ಮೇಲೆ ಹೇರಿದ ಹೊರೆಯಾಗುತ್ತದೆ.

330 ಮಿಲಿಲೀಟರಿನ ಒಂದು ಕ್ಯಾನ್ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ‘ನಾನು ಅದನ್ನು ಮುಟ್ಟುವುದೇ ಇಲ್ಲ’ ಎನ್ನುವವರು ತಮ್ಮ ಕಾಫಿ ಚಹಾದ ಲೆಕ್ಕ ನೋಡಲಿ. ಒಂದು ಟೀ ಚಮಚ ಸಕ್ಕರೆ 4 ಗ್ರಾಂ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಲೋಟ ಎಂದರೆ 32 ಗ್ರಾಂ. ಹೊರಗಿನಿಂದ ಸೇರಿಸುವ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯ ಶೇಕಡ 10ಕ್ಕಿಂತ ಕಡಿಮೆ ಇರಬೇಕು, ಶೇಕಡ 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. 2000 ಕ್ಯಾಲೊರಿ ತಿನ್ನುವವರಿಗೆ ಅದು ಕ್ರಮವಾಗಿ 50 ಮತ್ತು 25 ಗ್ರಾಂ. ಜೇನುತುಪ್ಪ ಮತ್ತು ಹಣ್ಣಿನ ರಸದ ಸಕ್ಕರೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಇಡೀ ಹಣ್ಣು ಸೇರುವುದಿಲ್ಲ. ಕಿತ್ತಳೆಯನ್ನು ಸುಲಿದು ತಿಂದರೆ ಒಂದಕ್ಕೇ ಸಾಕೆನಿಸುತ್ತದೆ, ಹಿಂಡಿ ಕುಡಿದರೆ ನಾಲ್ಕು ಹಣ್ಣು ಒಂದೇ ಗುಟುಕಿಗೆ ಮಾಯ.

ಸಕ್ಕರೆಯನ್ನು ಒಮ್ಮೆಲೇ ಬಿಡಬೇಡಿ. ವಾರಕ್ಕೆ ಕಾಲು ಚಮಚದಂತೆ ಇಳಿಸಿ. ನಾಲಿಗೆ ಹೊಂದಿಕೊಳ್ಳುತ್ತದೆ. ಎರಡು ತಿಂಗಳ ನಂತರ ಯಾರೋ ಹಳೆಯ ಪ್ರಮಾಣದಲ್ಲಿ ಸಕ್ಕರೆ ಹಾಕಿ ಕೊಟ್ಟರೆ ಪಾಯಸ ಕುಡಿದಂತಾಗುತ್ತದೆ. ಸಕ್ಕರೆಯ ಬದಲಿಗೆ ಬರುವ ಕೃತಕ ಸಿಹಿಗಳನ್ನು ತೂಕ ನಿಯಂತ್ರಣಕ್ಕೆಂದು ಬಳಸದಿರುವುದೇ ಲೇಸು ಎಂಬುದು ಅದೇ ಸಂಸ್ಥೆ 2023ರಲ್ಲಿ ಕೊಟ್ಟ ಸಲಹೆ. ಮದ್ಯ ಕುಡಿಯುವವರಿಗೆ ಒಂದೇ ಸಾಲು: ಅದರಲ್ಲಿ ಗ್ರಾಂಗೆ 7 ಕ್ಯಾಲೊರಿ, ಜೊತೆಗೆ ಬರುವ ಕುರುಕಲಿನದು ಬೇರೆ.

ಮೂರನೆಯದು: ಎಣ್ಣೆಗೆ ಅಳತೆ

ಪಿಷ್ಟ (ಕಾರ್ಬೊಹೈಡ್ರೇಟ್) ಮತ್ತು ಪ್ರೋಟೀನ್ ಗ್ರಾಂಗೆ 4 ಕ್ಯಾಲೊರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಹತ್ತಿರಹತ್ತಿರ 120 ಕ್ಯಾಲೊರಿ. ಡಬ್ಬಿಯಿಂದ ಬಾಣಲೆಗೆ ಸುರಿಯುವಾಗ ಕೈ ಎತ್ತುವುದು ಒಂದು ಕ್ಷಣ ತಡವಾದರೆ ಇಂಥ ಎರಡು ಚಮಚ ಇಳಿದಿರುತ್ತದೆ. ಯಾರ ಕಣ್ಣಿಗೂ ಅದು ಕಾಣುವುದಿಲ್ಲ, ಊಟದ ಗಾತ್ರವೂ ಹೆಚ್ಚುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಎಣ್ಣೆಯ ಪಕ್ಕದಲ್ಲಿ ಒಂದು ಚಮಚ ಖಾಯಂ ಇರಲಿ, ಅದರಲ್ಲಿ ಅಳೆಯದೆ ಬಾಣಲೆಗೆ ಹಾಕಬೇಡಿ. ಮೊದಲ ವಾರ ಈಗ ಹಾಕುತ್ತಿರುವುದನ್ನೇ ಅಳೆಯಿರಿ, ಎರಡನೆಯ ವಾರದಿಂದ ಕಾಲು ಭಾಗ ಇಳಿಸುತ್ತಾ ಬನ್ನಿ. ದಪ್ಪ ತಳದ ಪಾತ್ರೆ, ಮುಚ್ಚಳ, ಸಣ್ಣ ಉರಿ, ನಡುವೆ ಚಿಮುಕಿಸಿದ ನೀರು ಇದ್ದರೆ ತರಕಾರಿ ಕಡಿಮೆ ಎಣ್ಣೆಯಲ್ಲೇ ಚೆನ್ನಾಗಿ ಬೇಯುತ್ತದೆ. ‘ಆರೋಗ್ಯಕರ’ ಎಂಬ ಬಿರುದು ಹೊತ್ತ ಎಣ್ಣೆಗಳ ಬಗ್ಗೆ ಭ್ರಮೆ ಬೇಡ. ಹೃದಯಕ್ಕೆ ಒಂದಕ್ಕಿಂತ ಇನ್ನೊಂದು ಮೇಲಿರಬಹುದು, ಕ್ಯಾಲೊರಿಯಲ್ಲಿ ಎಲ್ಲವೂ ಒಂದೇ. ಬಾದಾಮಿ, ಕಡಲೆಬೀಜಗಳೂ ಹಾಗೆಯೇ. ಒಳ್ಳೆಯ ಆಹಾರ ಹೌದು, ಆದರೆ 30 ಗ್ರಾಂನ ಒಂದು ಹಿಡಿಯಲ್ಲೇ 170 ಕ್ಯಾಲೊರಿ ಇದೆ. ಬಟ್ಟಲಿಗೆ ಹಾಕಿಕೊಂಡು ಡಬ್ಬಿ ಮುಚ್ಚಿ ತಿನ್ನಿ.

ಆಲೂಗೆಡ್ಡೆಯ ಪರವಾಗಿ ಇಲ್ಲಿ ಒಂದು ವಕಾಲತ್ತು ಮಾಡಲೇಬೇಕು. ತೂಕದ ಮಾತು ಬಂದಾಗಲೆಲ್ಲ ಅದನ್ನು ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ಬೇಯಿಸಿದ ಆಲೂಗೆಡ್ಡೆ 100 ಗ್ರಾಂಗೆ ಸುಮಾರು 87 ಕ್ಯಾಲೊರಿ, ಅದೇ ಎಣ್ಣೆಯಲ್ಲಿ ಕರಿದು ಚಿಪ್ಸ್ ಆದರೆ 500ಕ್ಕೂ ಮೇಲೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 38 ಆಹಾರಗಳನ್ನು ಸಮಾನ ಕ್ಯಾಲೊರಿಯ ಪ್ರಮಾಣದಲ್ಲಿ ತಿನ್ನಿಸಿ, ಯಾವುದು ಎರಡು ಗಂಟೆಗಳ ಕಾಲ ಹೆಚ್ಚು ತೃಪ್ತಿ ಕೊಡುತ್ತದೆ ಎಂದು ಅಳೆದರು. ಬಿಳಿ ಬ್ರೆಡ್ಡಿಗೆ 100 ಅಂಕವೆಂದು ಇಟ್ಟುಕೊಂಡರೆ ಬೇಯಿಸಿದ ಆಲೂಗೆಡ್ಡೆಗೆ ಬಂದದ್ದು 323, ಅಂದರೆ ಇಡೀ ಪಟ್ಟಿಯಲ್ಲೇ ಮೊದಲ ಸ್ಥಾನ. ಬೆಣ್ಣೆ ತುಂಬಿದ ಕ್ರೊಸಾಂಟ್ ಎಂಬ ಬೇಕರಿ ತಿಂಡಿ ಕೊನೆಯದು, 47. ಗೆಡ್ಡೆಯ ತಪ್ಪೇನೂ ಇಲ್ಲ, ತಪ್ಪೆಲ್ಲ ಬಾಣಲೆಯದು.

ನಾಲ್ಕನೆಯದು: ತಟ್ಟೆಯನ್ನು ಮರುಹಂಚಿಕೆ ಮಾಡಿ

ಈ ಲೇಖನದಲ್ಲಿ ಒಂದೇ ಹೆಜ್ಜೆಯನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಿ ಎಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ತಟ್ಟೆಯ ಅರ್ಧ ಭಾಗ ತರಕಾರಿ ಮತ್ತು ಸೊಪ್ಪು, ಕಾಲು ಭಾಗ ಅನ್ನ ಅಥವಾ ರೊಟ್ಟಿಯಂಥ ಧಾನ್ಯ, ಉಳಿದ ಕಾಲು ಭಾಗ ಬೇಳೆ, ಕಾಳು, ಮೊಟ್ಟೆ, ಮೀನು, ಮಾಂಸ ಅಥವಾ ಪನೀರು. ಆಲೂಗೆಡ್ಡೆ, ಗೆಣಸುಗಳಿಗೆ ಧಾನ್ಯದ ಪಾಲಿನಲ್ಲಿ ಜಾಗ ಕೊಡಿ. ಮೇಲೆ ಅವನ್ನು ಹೊಗಳಿದ್ದೇನೆ ಎಂದು ತರಕಾರಿಯ ಅರ್ಧಕ್ಕೆ ನುಗ್ಗಿಸಬೇಡಿ.

ಹೊಟ್ಟೆಗೆ ಕ್ಯಾಲೊರಿ ಎಣಿಸಲು ಬರುವುದಿಲ್ಲ. ಜಠರ ಹಿಗ್ಗಿದಾಗ ಅಲ್ಲಿನ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ, ಹಿಗ್ಗಿಸಿದ್ದು ಏನು ಎಂದು ಅವು ವಿಚಾರಿಸುವುದಿಲ್ಲ. ಸೌತೆಕಾಯಿಯಲ್ಲಿ 100 ಗ್ರಾಂಗೆ ಸುಮಾರು 15 ಕ್ಯಾಲೊರಿ, ಟೊಮೆಟೊದಲ್ಲಿ 18, ಪಾಲಕ್ ಸೊಪ್ಪಿನಲ್ಲಿ 23. ಆರುನೂರು ಗ್ರಾಂ ಸೌತೆಕಾಯಿ ತಿಂದರೆ ಎಷ್ಟೋ, ಇಪ್ಪತ್ತು ಗ್ರಾಂನಷ್ಟೂ ಇಲ್ಲದ ಚಿಪ್ಸ್ ತಿಂದರೂ ಅಷ್ಟೇ ಕ್ಯಾಲೊರಿ. ಮೊದಲನೆಯದನ್ನು ಮುಗಿಸಲು ದವಡೆ ನೋಯುತ್ತದೆ, ಎರಡನೆಯದು ಹಸಿವಿಗೆ ಮುನ್ನುಡಿಯಷ್ಟೆ. ನೀರು ಮತ್ತು ನಾರು ಹೆಚ್ಚಿರುವ ಆಹಾರ ತಟ್ಟೆಯ ಗಾತ್ರವನ್ನು ಕುಗ್ಗಿಸದೆಯೇ ಲೆಕ್ಕವನ್ನು ಕುಗ್ಗಿಸುತ್ತದೆ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ, 25 ಗ್ರಾಂ ನಾರು ಸಿಗುವಂತೆ ನೋಡಿಕೊಳ್ಳಿ. ಇದುವರೆಗೆ ತರಕಾರಿಯೆಂದರೆ ದೂರ ಇದ್ದವರು ಮಾತ್ರ ನಿಧಾನವಾಗಿ ಹೆಚ್ಚಿಸಿ, ನೀರನ್ನೂ ಹೆಚ್ಚಿಸಿ. ಇಲ್ಲದಿದ್ದರೆ ಹೊಟ್ಟೆಯುಬ್ಬರ ಶುರುವಾಗಿ ಬೈಗುಳ ನನಗೆ ಬರುತ್ತದೆ.

ಬಡಿಸುವ ಕ್ರಮವೂ ಕೆಲಸ ಮಾಡುತ್ತದೆ. ಮೊದಲು ತರಕಾರಿ ಬಡಿಸಿಕೊಂಡು, ಅದನ್ನೇ ಮೊದಲು ತಿನ್ನಲು ಆರಂಭಿಸಿ. ಅನ್ನದ ಪಾತ್ರೆ ಊಟದ ಜಾಗದಲ್ಲಿ ಇರದೆ ಒಲೆಯ ಬಳಿಯೇ ಇರಲಿ. ಎರಡನೆಯ ಸಲ ಬೇಕೆನ್ನಿಸಿದರೆ ಹತ್ತು ನಿಮಿಷ ತಡೆದು ನೋಡಿ. ಹೊಟ್ಟೆ ತುಂಬಿದ ಸಂದೇಶ ಮಿದುಳಿಗೆ ಪೂರ್ತಿ ತಲುಪಲು ಇಪ್ಪತ್ತು ನಿಮಿಷದಷ್ಟು ಹಿಡಿಯುತ್ತದೆ. ಏಳು ನಿಮಿಷದಲ್ಲಿ ಊಟ ಮುಗಿಸುವವರು ಆ ಸುದ್ದಿ ಬರುವ ಮೊದಲೇ ಕೈ ತೊಳೆದಿರುತ್ತಾರೆ. ಹತ್ತು ನಿಮಿಷದ ನಂತರವೂ ಹಸಿವಿದ್ದರೆ ಧಾರಾಳವಾಗಿ ಬಡಿಸಿಕೊಳ್ಳಿ, ಅದು ನಿಜವಾದ ಹಸಿವು.

‘ಅನ್ನ ಪೂರ್ತಿ ಬಿಡಬೇಕೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇಡ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಪಿಷ್ಟ ಕಡಿಮೆ ಇರುವ ಆಹಾರ ಹೇಳಿ ಒಂದು ವರ್ಷ ಗಮನಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೊದಲ ಗುಂಪು ಸರಾಸರಿ 5.3 ಕಿಲೊ, ಎರಡನೆಯದು 6 ಕಿಲೊ ಇಳಿಸಿತು. ವ್ಯತ್ಯಾಸ ಗಣನೆಗೆ ಬರುವಂಥದ್ದಲ್ಲ. ಎರಡೂ ಗುಂಪಿಗೆ ಸಮಾನವಾಗಿ ಹೇಳಿದ್ದ ಮಾತೇ ಹೆಚ್ಚು ಸ್ವಾರಸ್ಯದ್ದು: ತರಕಾರಿ ಹೆಚ್ಚು ತಿನ್ನಿ, ಸೇರಿಸಿದ ಸಕ್ಕರೆ ಮತ್ತು ಮೈದಾ ಬಿಡಿ, ಮನೆಯಲ್ಲಿ ಬೇಯಿಸಿ ಉಣ್ಣಿ. ಅನ್ನ ಇಲ್ಲದೆ ಊಟವೇ ಆಗದು ಎನ್ನುವವರು ಅನ್ನವನ್ನು ಕಾಲು ತಟ್ಟೆಗೆ ಇಳಿಸಲಿ. ಆರು ತಿಂಗಳ ನಂತರವೂ ಮುಂದುವರಿಸಬಲ್ಲ ಕ್ರಮ ಯಾವುದೋ ಅದೇ ನಿಮ್ಮದು.

ಐದನೆಯದು: ಪ್ರತಿ ಊಟದಲ್ಲೂ ಪ್ರೋಟೀನ್

ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದನ್ನು ಆದಷ್ಟು ಉಳಿಸಿಕೊಳ್ಳಲು ಪ್ರೋಟೀನ್ ಬೇಕು, ಹಸಿವು ಬೇಗ ಮರಳದಿರಲೂ ಬೇಕು. ಅದನ್ನು ಜೀರ್ಣಿಸಿ ಬಳಸಿಕೊಳ್ಳಲು ದೇಹ ಅದರದೇ ಕ್ಯಾಲೊರಿಯ ಶೇಕಡ 20ರಿಂದ 30ರಷ್ಟನ್ನು ಖರ್ಚು ಮಾಡುತ್ತದೆ ಎಂಬುದು ಹೆಚ್ಚುವರಿ ಲಾಭ.

ದೇಹದ ತೂಕದ ಪ್ರತಿ ಕಿಲೊಗೆ 0.8 ಗ್ರಾಂ ಕನಿಷ್ಠ, ತೂಕ ಇಳಿಸುವಾಗ 1.2 ಗ್ರಾಂನಷ್ಟು ಇದ್ದರೆ ಒಳ್ಳೆಯದು. 70 ಕಿಲೊ ಇರುವವರಿಗೆ ಅದು 84 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 200 ಮಿಲಿಲೀಟರ್ ಹಾಲಿನಲ್ಲಿ 6ರಿಂದ 7, ಬೇಯಿಸಿದ ಬೇಳೆ ಅಥವಾ ಕಡಲೆಕಾಳು 100 ಗ್ರಾಂನಲ್ಲಿ 9ರ ಆಸುಪಾಸು, ಬೇಯಿಸಿದ ಕೋಳಿಯ ಎದೆಮಾಂಸ 100 ಗ್ರಾಂನಲ್ಲಿ 30 ಗ್ರಾಂ ಸಿಗುತ್ತದೆ. ಸಸ್ಯಾಹಾರಿಗಳು ಕಾಳನ್ನು ಪಕ್ಕದ ಐಟಂ ಎಂದು ತಿಳಿಯದೆ ಊಟದ ಮಧ್ಯಕ್ಕೆ ತರಬೇಕು. ತೆಳ್ಳಗಿನ ಬೇಳೆಯ ನೀರಿನಲ್ಲಿ ಪ್ರೋಟೀನ್ ಇದೆ ಎನ್ನುವುದು ಸಮಾಧಾನದ ಮಾತು ಮಾತ್ರ. ಬಹುಪಾಲು ಜನರ ಬೆಳಗಿನ ತಿಂಡಿಯಲ್ಲಿ ಇದರ ಸುಳಿವೇ ಇರುವುದಿಲ್ಲ, ಆದ್ದರಿಂದ ಅಲ್ಲಿಂದ ಶುರುಮಾಡಿ. ಹನ್ನೊಂದು ಗಂಟೆಯ ಬಾಯಿ ಚಪಲ ಎಷ್ಟು ಇಳಿಯುತ್ತದೆ ಎಂದು ನಿಮ್ಮ ಪುಸ್ತಕವೇ ಹೇಳುತ್ತದೆ.

ಆರನೆಯದು: ಪೊಟ್ಟಣದ ಬೆನ್ನು ಓದಿ

ಪೊಟ್ಟಣದ ಮುಖದ ಮೇಲೆ ಇರುವುದು ಜಾಹೀರಾತು, ಬೆನ್ನಿನ ಮೇಲೆ ಇರುವುದು ಜಾತಕ. ಪದಾರ್ಥಗಳಲ್ಲಿ ಹೆಚ್ಚು ತೂಕದ್ದನ್ನು ಮೊದಲು, ಕಡಿಮೆ ತೂಕದ್ದನ್ನು ಕೊನೆಗೆ ಬರೆದಿರುತ್ತಾರೆ. ಮೊದಲ ಮೂರರಲ್ಲಿ ಸಕ್ಕರೆ ಇದ್ದರೆ ಅದು ಸಿಹಿತಿಂಡಿ, ಮೇಲೆ ಓಟ್ಸ್ ಚಿತ್ರವಿದ್ದರೂ ಸರಿ. ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್ ಎಲ್ಲವೂ ಸಕ್ಕರೆಯ ಬಳಗ. ಕ್ಯಾಲೊರಿಯ ಸಂಖ್ಯೆ ಚಿಕ್ಕದಾಗಿ ಕಂಡರೆ ಅದು ಎಷ್ಟು ಗ್ರಾಂಗೆ ಎಂದು ನೋಡಿ. ಹಲವು ಸಲ ಅದು ಎರಡೇ ಬಿಸ್ಕತ್ತಿನ ಲೆಕ್ಕ. ಎರಡಕ್ಕೇ ನಿಲ್ಲಿಸುವವರು ಇದ್ದರೆ ಅವರಿಗೆ ಈ ಲೇಖನದ ಅಗತ್ಯವಿಲ್ಲ.

ಕಾರ್ಖಾನೆಯ ತಿನಿಸುಗಳ ವಿಷಯದಲ್ಲಿ 2019ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನ್ನನ್ನು ಬೆಚ್ಚಿಬೀಳಿಸಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಮಂದಿಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು, ಎರಡು ವಾರ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಸಂಸ್ಕರಿಸದ ಆಹಾರ ಕೊಟ್ಟರು. ಮುಂದಿಟ್ಟ ಊಟದಲ್ಲಿ ಸಕ್ಕರೆ, ಕೊಬ್ಬು, ನಾರು ಎರಡು ಕಡೆಯೂ ಸಮ, ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯವೂ ಇತ್ತು. ಸಂಸ್ಕರಿಸಿದ ಆಹಾರದ ದಿನಗಳಲ್ಲಿ ಅವರು ತಮಗರಿವಿಲ್ಲದೆ ದಿನಕ್ಕೆ 500 ಕ್ಯಾಲೊರಿಯಷ್ಟು ಹೆಚ್ಚು ತಿಂದು, ಎರಡೇ ವಾರದಲ್ಲಿ ಸುಮಾರು 0.9 ಕಿಲೊ ಏರಿದರು. ಸಂಸ್ಕರಿಸದ ಆಹಾರದಲ್ಲಿ ಅಷ್ಟೇ ಇಳಿದರು. ಇಂಥ ತಿನಿಸನ್ನು ಮನೆಯಲ್ಲಿಟ್ಟುಕೊಂಡು ಸಂಯಮ ಪರೀಕ್ಷಿಸಿಕೊಳ್ಳುವುದು ವ್ಯರ್ಥ ಸಾಹಸ. ತರದೇ ಇರುವುದು ಉತ್ತಮ. ಮನೆಯವರಿಗೆ ಬೇಕೇ ಬೇಕೆಂದರೆ ಕೈಗೆಟುಕದ ಮೇಲಿನ ಕಪಾಟಿನಲ್ಲಿ, ಒಳಗಿರುವುದು ಕಾಣದ ಡಬ್ಬಿಯಲ್ಲಿ ಇಡಿ.

ಊಟದ ಹೊತ್ತು, ನಿದ್ರೆ, ನಡಿಗೆ

ದಿನದಲ್ಲಿ ಎಂಟು ಗಂಟೆಯ ಅವಧಿಯೊಳಗೆ ಮಾತ್ರ ತಿನ್ನುವ ಪದ್ಧತಿ ಈಗ ಬಹಳ ಪ್ರಚಾರದಲ್ಲಿದೆ. ಅದರಿಂದ ಒಟ್ಟು ಕ್ಯಾಲೊರಿ ಇಳಿದರೆ ತೂಕವೂ ಇಳಿಯುತ್ತದೆ, ಇಳಿಯದಿದ್ದರೆ ಗಡಿಯಾರ ಯಾವ ಪವಾಡವನ್ನೂ ಮಾಡುವುದಿಲ್ಲ. ಹೊಂದಿದರೆ ಮಾಡಿ. ನಿದ್ರೆಗೆಟ್ಟ ಮರುದಿನ ಹಸಿವು ಹೆಚ್ಚುತ್ತದೆ, ಅದೂ ಸಿಹಿ ಮತ್ತು ಕರಿದದ್ದರ ಕಡೆಗೇ ಮನಸ್ಸು ಎಳೆಯುತ್ತದೆ. ನಡಿಗೆ ಖಂಡಿತ ಬೇಕು, ಆದರೆ 70 ಕಿಲೊ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು 120ರಿಂದ 150 ಕ್ಯಾಲೊರಿ. ನಡೆದು ಬಂದೆನೆಂದು ಬಹುಮಾನವಾಗಿ ತಿಂದ ಒಂದು ಸಮೋಸಾ ಅದನ್ನು ನುಂಗಿ ಇನ್ನೂ ಮುಂದೆ ಹೋಗುತ್ತದೆ.

ಕೊನೆಯದು: ತಕ್ಕಡಿಯ ಭಾಷೆ ಕಲಿಯಿರಿ

ಒಂದು ಕಿಲೊ ದೇಹದ ಕೊಬ್ಬು ಎಂದರೆ ಸುಮಾರು 7700 ಕ್ಯಾಲೊರಿ. ದಿನಕ್ಕೆ 500 ಕಡಿಮೆ ತಿಂದರೆ ವಾರಕ್ಕೆ 3500, ಅಂದರೆ ಅರ್ಧ ಕಿಲೊಗಿಂತ ಕೊಂಚ ಕಡಿಮೆ ಕೊಬ್ಬು. ಹಾಗಿದ್ದೂ ಮೊದಲ ವಾರವೇ ಎರಡು ಕಿಲೊ ಇಳಿದದ್ದು ಹೇಗೆ? ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಪಿಷ್ಟದ ದಾಸ್ತಾನು ಇರುತ್ತದೆ. ಅದರ ಪ್ರತಿ ಗ್ರಾಂ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ದಾಸ್ತಾನು ಖಾಲಿಯಾದಾಗ ನೀರು ಹೊರಟುಹೋಗುತ್ತದೆ, ಒಂದು ದಿನ ಭರ್ಜರಿಯಾಗಿ ಉಂಡರೆ ಮರಳಿ ಬರುತ್ತದೆ. ‘ವಾರಕ್ಕೆ ಐದು ಕಿಲೊ’ ಎಂಬ ಜಾಹೀರಾತುಗಳು ಮಾರುವುದು ಬಹುತೇಕ ಈ ನೀರನ್ನೇ.

ಬೆಳಿಗ್ಗೆ, ಶೌಚದ ನಂತರ, ಏನೂ ತಿನ್ನುವ ಮೊದಲು ತೂಕ ನೋಡಿ. ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿ. ಹದಿನೈದು ದಿನಕ್ಕೊಮ್ಮೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ ಅಳತೆ ಬರೆದಿಡಿ. ತೂಕ ನಿಂತಲ್ಲೇ ನಿಂತ ವಾರದಲ್ಲೂ ಟೇಪು ಒಳ್ಳೆಯ ಸುದ್ದಿ ಕೊಡಬಹುದು. ವಾರಕ್ಕೆ ಅರ್ಧದಿಂದ ಒಂದು ಕಿಲೊ ಸಾಕು. ಅದಕ್ಕಿಂತ ವೇಗವಾಗಿ ಇಳಿಸಿದರೆ ಸ್ನಾಯು ಹೆಚ್ಚು ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆಯೂ ಏರುತ್ತದೆ. ಈಗಿರುವ ತೂಕದ ಶೇಕಡ 5ರಿಂದ 10ರಷ್ಟು ಇಳಿದರೂ ರಕ್ತದೊತ್ತಡ, ರಕ್ತದ ಸಕ್ಕರೆ ಸುಧಾರಿಸುತ್ತವೆ.

ಕೆಲವು ತಿಂಗಳ ನಂತರ ಮುಳ್ಳು ಕದಲದ ಹಂತ ಎಲ್ಲರಿಗೂ ಬರುತ್ತದೆ. ಚಿಕ್ಕದಾದ ದೇಹಕ್ಕೆ ಬೇಕಾಗುವ ಆಹಾರವೂ ಕಡಿಮೆ, ಹಳೆಯ ಲೆಕ್ಕ ಈಗ ನಡೆಯುವುದಿಲ್ಲ. ಊಟ ಬಿಡಲು ಹೋಗದೆ, ಮೂಲೆಗೆ ಸೇರಿದ ಆ ಪುಸ್ತಕವನ್ನು ಮತ್ತೆ ತೆಗೆದು ಒಂದು ವಾರ ಬರೆಯಿರಿ. ಎಣ್ಣೆಯ ಚಮಚ ಯಾವಾಗಲೋ ಕಾಣೆಯಾಗಿರುತ್ತದೆ, ಮಿಕ್ಕದ್ದನ್ನು ಬಾಯಿಗೆ ಹಾಕುವ ಚಾಳಿ ಸದ್ದಿಲ್ಲದೆ ಮರಳಿರುತ್ತದೆ.

ಮದುವೆಯ ಊಟದಲ್ಲೋ ಸ್ನೇಹಿತರ ಮನೆಯಲ್ಲೋ ಕೈಮೀರಿ ಉಂಡ ದಿನವೂ ಬರುತ್ತದೆ. ಮರುದಿನ ತಕ್ಕಡಿ ಒಂದು ಕಿಲೊ ಹೆಚ್ಚು ತೋರಿಸಿದರೆ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ಒಂದು ಕಿಲೊ ಕೊಬ್ಬು ಕೂಡಲು ನಿಮ್ಮ ಮಾಮೂಲಿ ಊಟದ ಮೇಲೆ 7700 ಕ್ಯಾಲೊರಿ ತಿಂದಿರಬೇಕು, ಅಷ್ಟು ಯಾರೂ ತಿಂದಿರುವುದಿಲ್ಲ. ಏರಿದ್ದರಲ್ಲಿ ಹೆಚ್ಚಿನ ಪಾಲು ಉಪ್ಪು ಹಿಡಿದಿಟ್ಟ ನೀರು ಮತ್ತು ಇನ್ನೂ ಜೀರ್ಣವಾಗದ ಊಟ. ಮೂರು ನಾಲ್ಕು ದಿನ ತಕ್ಕಡಿ ಹತ್ತಬೇಡಿ. ಪ್ರಾಯಶ್ಚಿತ್ತವೆಂದು ಬೆಳಗಿನ ತಿಂಡಿಯನ್ನೂ ಬಿಡಬೇಡಿ. ನನ್ನ ಬಿಸ್ಕತ್ತಿನ ಡಬ್ಬಿ ಖಾಲಿಯಾಗುತ್ತಿದ್ದದ್ದು ಯಾವಾಗಲೂ ಪ್ರಾಯಶ್ಚಿತ್ತದ ದಿನದ ರಾತ್ರಿಯೇ.